ಬೋರಲು ಮಲಗಿದ ಒಂದು ಗಂಟೆ

ಪಾಂಡವಪುರದ ನನ್ನ ಟೈಲರಿಂಗ್ ಅಂಗಡಿಗೆ ಈಗೀಗ ಬ್ಲೌಸಿನ ಅಳತೆ ಕೊಡಲು ಬರುವವರಿಗಿಂತ ಬೆನ್ನುನೋವಿನ ಸಂಗತಿ ಕೇಳಲು ಬರುವವರೇ ಹೆಚ್ಚು. ನಾನು ಟೇಪು ಕೈಗೆತ್ತಿಕೊಳ್ಳುವಷ್ಟರಲ್ಲಿ ಮೆಲ್ಲಗೆ ಶುರು ಮಾಡುತ್ತಾರೆ. "ಸವಿತಕ್ಕ, ಎಚ್ಚರವಾಗಿದ್ದಂಗೇ ಬೆನ್ನು ಕೊರೀತಾರಂತಲ್ಲ, ನಿಜವಾ? ನಿಮ್ಗೆ ಭಯ ಆಗ್ನಿಲ್ವಾ?"

ಆಪರೇಷನ್ ಆದವರೆಲ್ಲ "ಏನೂ ಆಗಲ್ಲ, ಇರುವೆ ಕಚ್ಚಿದಷ್ಟೇ" ಎಂದು ಧೈರ್ಯ ಹೇಳಿ ಕಳಿಸುತ್ತಾರೆ. ನನಗೂ ಹಾಗೇ ಹೇಳಿದ್ದರು. ಆ ಇರುವೆ ಯಾವ ಕಾಡಿನದೋ ದೇವರೇ ಬಲ್ಲ. ನಾನು ಹಾಗೆ ಹೇಳುವವಳಲ್ಲ. ಭಯವಾಗಿತ್ತು, ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುವಷ್ಟು ಭಯವಾಗಿತ್ತು. ಆ ಭಯದಲ್ಲಿ ಒಂದು ತಪ್ಪು ಮಾಡಿದೆ, ಅದನ್ನು ಮುಚ್ಚಲು ಸುಳ್ಳು ಹೇಳಿದೆ, ಕೊನೆಗೆ ಬಟ್ಟೆ ಹೊಲಿಯುವ ಬಲಗೈಯನ್ನೇ ಕಳೆದುಕೊಳ್ಳುತ್ತೇನೇನೋ ಎನ್ನುವಲ್ಲಿಗೆ ಬಂದು ನಿಂತೆ. ಬೆನ್ನಿನ ಆಪರೇಷನ್ನಿನಲ್ಲಿ ಕೈ ಎಲ್ಲಿಂದ ಬಂತು ಎನ್ನುತ್ತೀರಿ. ಅದನ್ನು ಹೇಳಲಿಕ್ಕೇ ಕುಳಿತಿದ್ದೇನೆ.

ಮೊದಲು ಬಂದದ್ದು ಸೊಂಟದ ನೋವು. ದಿನವೆಲ್ಲ ಮಿಷನ್ ಮುಂದೆ ಬಗ್ಗಿ ಕೂರುವವಳಿಗೆ ಅದೇನು ಹೊಸದಲ್ಲ. ಆಮೇಲೆ ಅದು ಎಡಗಡೆ ಕುಂಡೆಯಿಂದ ಇಳಿದು, ತೊಡೆಯ ಹಿಂದೆ ಹಾದು, ಪಾದದ ಹೆಬ್ಬೆರಳಿನವರೆಗೆ ಉರಿಯತೊಡಗಿತು. ಕೆಮ್ಮಿದರೆ ಉರಿ, ಸೀನಿದರೆ ಉರಿ. ನಾಗಮಂಗಲದ ಕಡೆ ಹೊಣಕೆರೆ ಹತ್ತಿರದ ನನ್ನ ತವರಿನಿಂದ ಅಮ್ಮ ಎಣ್ಣೆ ಕಳಿಸಿದಳು. ಅತ್ತೆ ತಮ್ಮ ತವರು ಕಿಕ್ಕೇರಿಗೆ ಕರೆದುಕೊಂಡು ಹೋದರು. ಅಲ್ಲಿ ಕಾಲು ಮುಂದಾಗಿ ಹುಟ್ಟಿದ ಹೆಂಗಸೊಬ್ಬರಿದ್ದಾರೆ, ಅವರು ಮೂರು ಸಲ ಸೊಂಟಕ್ಕೆ ಕಾಲು ಸೋಕಿಸಿದರೆ ಉಳುಕು ಹೋಗುತ್ತದಂತೆ. ಆಕೆ ಪಾಪ ಸೋಕಿಸಿದ್ದು ಮೆಲ್ಲಗೇ. ನಾನು ಕೂಗಿಕೊಂಡದ್ದಕ್ಕೆ ಆಕೆಯೇ ಹೆದರಿ, "ಇದು ಉಳುಕಲ್ಲ ಕಣಕ್ಕ, ಮೈಸೂರಿಗೆ ಕರ್ಕೊಂಡೋಗಿ" ಎಂದು ಅತ್ತೆಗೆ ಹೇಳಿ ಕಳಿಸಿದರು. ನನ್ನ ಕಾಯಿಲೆಯನ್ನು ಮೊದಲು ಸರಿಯಾಗಿ ಗುರುತಿಸಿದವರು ಅವರೇ.

ಮೈಸೂರಿನ ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, ಬೆನ್ನಿನ ಮೂಳೆಗಳ ನಡುವಿನ ಮೆತ್ತೆ ಜರುಗಿ ಕಾಲಿನ ನರವನ್ನು ಅಮುಕಿದೆ ಎಂದರು. ಆರು ವಾರ ಮಾತ್ರೆ, ವ್ಯಾಯಾಮ, ಮಲಗುವುದು ಎಲ್ಲ ಆಯಿತು. ಆಮೇಲೆ ಒಂದು ದಿನ ಚಪ್ಪಲಿ ನನ್ನ ಎಡಗಾಲಿನಿಂದ ಕಳಚಿ ಹಿಂದೆ ಉಳಿದದ್ದೇ ನನಗೆ ಗೊತ್ತಾಗಲಿಲ್ಲ. ಪಾದ ಎತ್ತಲು ಬರುತ್ತಿರಲಿಲ್ಲ. ಅದನ್ನು ಕೇಳಿದ ಮೇಲೆ ಡಾಕ್ಟರು ತಡಮಾಡುವುದು ಬೇಡ ಎಂದರು.

"ದೊಡ್ಡದಾಗಿ ಕುಯ್ಯಲ್ಲ. ಒಂದು ಸಣ್ಣ ತೂತು, ಅದರೊಳಗೆ ಪೆನ್ನಿನಷ್ಟು ದಪ್ಪದ ಕೊಳವೆ. ನಿಮ್ಮನ್ನ ಬೋರಲು ಮಲಗಿಸ್ತೀವಿ. ಆ ಜಾಗಕ್ಕೆ ಮಾತ್ರ ಮರಗಟ್ಟೋ ಇಂಜೆಕ್ಷನ್. ನೀವು ಎಚ್ಚರವಾಗೇ ಇರ್ತೀರಿ."

"ಎಚ್ಚರ ಯಾಕೆ ಸಾರ್? ನಿದ್ದೆ ಬರಿಸಿಬಿಡಿ" ಎಂದೆ.

"ನೀವು ಎಚ್ಚರ ಇದ್ರೆ ನರದ ಹತ್ತಿರ ಹೋದಾಗ ನೀವೇ ನಮಗೆ ಹೇಳ್ತೀರಿ. ಆದ್ರೆ ಒಂದು ನೆನಪಿಟ್ಕೊಳ್ಳಿ. ಒತ್ತಿದ ಹಾಗಾಗೋದು ಬೇರೆ, ನೋವಾಗೋದು ಬೇರೆ. ಒತ್ತಿದ್ರೆ ಸ್ವಲ್ಪ ತಡ್ಕೊಳ್ಳಿ. ನೋವಾದ್ರೆ ಹೇಳಿ."

ಈ ಮಾತನ್ನು ನಾನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಒತ್ತಿದರೆ ತಡೆದುಕೊಳ್ಳಬೇಕು, ನೋವಾದರೆ ಹೇಳಬೇಕು. ಬಾಯಿಪಾಠ ಮಾಡಿದ್ದೇ ಹೊರತು ಅರ್ಥ ಮಾಡಿಕೊಳ್ಳಲಿಲ್ಲ ಎಂದು ಆಮೇಲೆ ತಿಳಿಯಿತು.

ನಮ್ಮವರು, ನಾಗೇಶ್, ಹಾಲಿನ ವ್ಯಾನು ಓಡಿಸುತ್ತಾರೆ. ಬೆಳಿಗ್ಗೆ ಕೆ.ಆರ್. ಪೇಟೆ ಕಡೆಯ ಊರುಗಳಿಂದ ಹಾಲು ತುಂಬಿಕೊಂಡು ಹೋಗಿ ಇಳಿಸಬೇಕು. ಆಪರೇಷನ್ ದಿನವೂ ಬದಲಿ ಡ್ರೈವರ್ ಸಿಗಲಿಲ್ಲ. ಹಿಂದಿನ ದಿನ ನನ್ನನ್ನೂ ಅತ್ತೆಯನ್ನೂ ಒಂದು ಕಾರಿನಲ್ಲಿ ಕರೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದರು. ಹಿಂದಿನ ಸೀಟಿನಲ್ಲಿ ಮಲಗಿದ್ದ ನನಗೆ ದಾರಿ ಕಾಣುತ್ತಿರಲಿಲ್ಲ, ಉಬ್ಬುಗಳ ಲೆಕ್ಕದ ಮೇಲೆಯೇ ಶ್ರೀರಂಗಪಟ್ಟಣ ಬಂತೆಂದು ಗೊತ್ತಾಯಿತು. ಹೊಳೆ ದಾಟುವಾಗ ಅತ್ತೆ ಕೈಮುಗಿದು ಏನನ್ನೋ ಗೊಣಗಿದರು. ಸಂಜೆ ಊರಿಗೆ ಹೊರಡುವಾಗ ನಮ್ಮವರು "ಹಾಲು ಇಳಿಸಿ ನೇರ ಬಂದ್ಬುಡ್ತೀನಿ, ಎದ್ರುಕೋಬೇಡ" ಎಂದರು.

ಬೆಳಿಗ್ಗೆ ನರ್ಸ್ ಬಂದರು. ಎಡಗೈಗೆ ಸೂಜಿ ಚುಚ್ಚಿ ಟೇಪು ಸುತ್ತಿದರು. "ಮೈಮೇಲೆ ಲೋಹದ್ದು ಏನೂ ಇರಬಾರದು. ಬಳೆ, ಓಲೆ, ಕಾಲುಂಗುರ, ತಾಳಿ ಎಲ್ಲ ಬಿಚ್ಚಿ ಮನೆಯವರ ಕೈಗೆ ಕೊಡಿ" ಎಂದರು.

"ತಾಳಿನೂವಾ?" ಎಂದರು ಅತ್ತೆ.

"ಹೌದಜ್ಜಿ. ಬೋರಲು ಮಲಗಿದಾಗ ಚುಚ್ಚುತ್ತೆ."

ಬಿಚ್ಚಿ ಕೊಟ್ಟೆ. ನರ್ಸ್ ನನ್ನ ಕುತ್ತಿಗೆ, ಕಿವಿ, ಕಾಲು ನೋಡಿ, ಕಾಗದದಲ್ಲಿ ಗುರುತು ಹಾಕಿಕೊಂಡು ಹೋದರು. ಅವರು ಹೋದದ್ದೇ ತಡ, ಅತ್ತೆ ಬಾಗಿಲು ಮುಂದೆ ಮಾಡಿ ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಅರಿಶಿನದ ಕೊಂಬು ಕಟ್ಟಿದ ಅರಿಶಿನದ ದಾರ. ನಮ್ಮಲ್ಲಿ ತಾಳಿಯನ್ನು ರಿಪೇರಿಗೆ ಕೊಟ್ಟರೂ ಕುತ್ತಿಗೆ ಬರಿದಾಗಿ ಬಿಡುವುದಿಲ್ಲ, ಅಷ್ಟು ಹೊತ್ತಿಗೆ ಇಂಥದ್ದೊಂದನ್ನು ಕಟ್ಟಿಕೊಳ್ಳುತ್ತಾರೆ. ಅತ್ತೆ ಊರಿನಿಂದಲೇ ತಯಾರಾಗಿ ಬಂದಿದ್ದರು.

"ಬ್ಯಾಡ ಅತ್ತೆ, ಅವರು ಕುತ್ತಿಗೆ ನೋಡ್ತಾರೆ."

"ಕುತ್ಗೆಗಲ್ಲ ಕಣವ್ವ, ರಟ್ಟೆಗೆ ಕಟ್ತೀನಿ. ತೋಳಿನ ಒಳ್ಗೆ ಇರ್ತದೆ. ಅವ್ರು ಏಳಿದ್ದೇನು? ಲೋಹ ಇರಬಾರ್ದು ಅಂತ. ಇದು ಲೋಹವಾ? ಬೇರು."

ನಗಬೇಡಿ, ನಾನು ಪಿಯುಸಿ ಓದಿದವಳು. ಬೇರೆ ದಿನವಾಗಿದ್ದರೆ ಅತ್ತೆಯನ್ನು ರೇಗಿಸಿ ನಗುತ್ತಿದ್ದೆ. ಆದರೆ ಅದೇ ಹೊತ್ತಿಗೆ ನಮ್ಮವರು ಹೈವೇಯಲ್ಲಿ ಇದ್ದರು, ರಾತ್ರಿ ನಿದ್ದೆಯಿಲ್ಲದ ಕಣ್ಣಿನಲ್ಲಿ ಗಾಡಿ ಓಡಿಸುತ್ತಿದ್ದರು. ಹಾಗಾಗಿ ಕೈ ಚಾಚಿದೆ. ಎಡಗೈಗೆ ಸೂಜಿ ಹಾಕಿದ್ದರಿಂದ ಬಲಗೈಗೆ, ಮೊಣಕೈಗಿಂತ ಸ್ವಲ್ಪ ಮೇಲೆ, ಜಾರದಂತೆ ಬಿಗಿಯಾಗಿ ಮೂರು ಗಂಟು ಹಾಕಿದರು. ಆಸ್ಪತ್ರೆಯ ಗೌನಿನ ದೊಗಳೆ ತೋಳು ಅದನ್ನು ಮುಚ್ಚಿತು.

ಆಪರೇಷನ್ ಕೋಣೆಯ ಚಳಿಯ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಕಿರಿದಾದ ಟೇಬಲ್ಲಿನ ಮೇಲೆ ಎರಡು ಉದ್ದನೆಯ ದಿಂಬುಗಳು. ಅವುಗಳ ಮೇಲೆ ಬೋರಲು ಮಲಗಿಸಿದರು. ಹೊಟ್ಟೆ ದಿಂಬುಗಳ ನಡುವೆ ತೂಗಾಡುವಂತೆ ಬಿಟ್ಟರು, ಹಾಗೆ ಬಿಟ್ಟರೆ ರಕ್ತ ಕಡಿಮೆ ಹೋಗುತ್ತದಂತೆ. ಮುಖಕ್ಕೆ ಬಳೆಯಂತೆ ದುಂಡಗಿನ ಮೆತ್ತೆ, ಮಂಡಿಯ ಕೆಳಗೆ ಮೆತ್ತೆ, ಪಾದದ ಕೆಳಗೆ ಮೆತ್ತೆ. ಎರಡು ಕೈಗಳನ್ನೂ ಮೊಣಕೈ ಮಡಿಸಿ ತಲೆಯ ಅಕ್ಕಪಕ್ಕದ ಹಲಗೆಗಳ ಮೇಲೆ ಇಟ್ಟರು. ನನಗೆ ಕಾಣುತ್ತಿದ್ದದ್ದು ನೆಲದ ಒಂದು ಹಸಿರು ಚೌಕ, ಆಗಾಗ ಅದರ ಮೇಲೆ ಓಡಾಡುವ ರಬ್ಬರ್ ಚಪ್ಪಲಿಗಳು, ಅಷ್ಟೇ. ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ಕಾಣದಿರುವುದು ಎಷ್ಟು ದೊಡ್ಡ ಭಯವೆಂದು ಹೇಗೆ ಹೇಳಲಿ? ಮುಂದಿನಿಂದ ಬರುವುದಕ್ಕೆ ಕೈಯಾದರೂ ಅಡ್ಡ ಹಿಡಿಯಬಹುದು.

ಅರಿವಳಿಕೆಯ ಡಾಕ್ಟರಮ್ಮ ನನ್ನ ತಲೆಯ ಹತ್ತಿರ ಸ್ಟೂಲ್ ಎಳೆದು ಕುಳಿತರು. ಬಗ್ಗಿ, ಮುಖವನ್ನು ನನ್ನ ಕಣ್ಣಿಗೆ ಕಾಣುವಷ್ಟು ಕೆಳಗೆ ತಂದು, "ಸವಿತಾ, ಎಲ್ಲಾದ್ರೂ ಒತ್ತುತ್ತಾ ಇದೆಯಾ? ಎದೆ, ಮಂಡಿ, ಮೊಣಕೈ?" ಎಂದು ಕೇಳಿದರು.

"ಇಲ್ಲ ಮೇಡಂ."

ಒತ್ತುತ್ತಿತ್ತು. ಕೊಂಬು ಮೊಣಕೈಯ ಒಳಬದಿಗೆ ಜಾರಿ ಹಲಗೆಗೂ ತೋಳಿಗೂ ನಡುವೆ ಸಿಕ್ಕಿಕೊಂಡಿತ್ತು. ಹೇಳಿದರೆ ಬಿಚ್ಚಿಸುತ್ತಾರೆ. ನಮ್ಮವರು ಇನ್ನೂ ದಾರಿಯಲ್ಲಿದ್ದಾರೆ. ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟರು, ಸುರುಸುರು ಉರಿಯಿತು, ಆಮೇಲೆ ಆ ಜಾಗ ಬೇರೆಯವರದಾಯಿತು. ಕೊಳವೆ ಇಳಿಸುವಾಗ ನೋವಿಲ್ಲ, ಆದರೆ ಯಾರೋ ಹೆಬ್ಬೆರಳಿನಿಂದ ಮೂಳೆಯನ್ನು ಒಳಗೊಳಗೆ ಅದುಮುತ್ತಿದ್ದಂತೆ ಅನ್ನಿಸಿತು. ಒಂದು ಸಲ ಕಾಲಿಗೆ ಮಿಂಚು ಹರಿದ ಹಾಗಾಯಿತು. "ಸಾರ್, ಕಾಲು!" ಎಂದು ಕಿರುಚಿದೆ. "ಗುಡ್, ಹಾಗೇ ಹೇಳ್ತಾ ಇರಿ, ಅಲ್ಲಾಡಬೇಡಿ" ಎಂದು ಡಾಕ್ಟರು ಕೈ ತಡೆದರು. ನಾನು ಕಿರುಚಿದ್ದಕ್ಕೆ ಗುಡ್ ಎಂದವರು ನನ್ನ ಜೀವನದಲ್ಲಿ ಅವರೊಬ್ಬರೇ. ಡಾಕ್ಟರಮ್ಮ ನನ್ನ ಎಡಗೈ ಬೆರಳುಗಳನ್ನು ಹಿಡಿದುಕೊಂಡರು. ಅವರ ಕೈ ಬೆಚ್ಚಗಿತ್ತು, ನಾನು ಬಿಡಲೇ ಇಲ್ಲ.

ಅಷ್ಟರಲ್ಲಿ ಬಲಗೈಗೆ ಜೋಮು ಹಿಡಿಯತೊಡಗಿತು. ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು. ಇರುವೆ ಹರಿದಂತಾಗಿ, ಕಾದಂತಾಗಿ, ಆಮೇಲೆ ಏನೂ ಇಲ್ಲದಂತಾಯಿತು. ಹೇಳಲೇ? ಡಾಕ್ಟರು ನೋವಾದರೆ ಹೇಳು ಎಂದಿದ್ದರು. ಇದು ನೋವಲ್ಲ. ಇದು ಒತ್ತಡ, ತಡೆದುಕೊಳ್ಳಬೇಕಾದ್ದು. ಕೈ ಸ್ವಲ್ಪ ಎಳೆದುಕೊಂಡರೆ ಸರಿಹೋಗುತ್ತಿತ್ತೋ ಏನೋ, ಆದರೆ ಅಲ್ಲಾಡಿದರೆ ಕೊಳವೆ ನರಕ್ಕೆ ಚುಚ್ಚಿ ಕಾಲೇ ಹೋದರೆ? ನಾನು ಉಸಿರನ್ನೂ ಅಳತೆ ಮಾಡಿ ಬಿಡುತ್ತಿದ್ದೆ.

ಎಷ್ಟು ಹೊತ್ತೋ ಗೊತ್ತಿಲ್ಲ, ಆಮೇಲೆ ಒಂದು ಗಂಟೆಯ ಮೇಲಾಗಿತ್ತು ಎಂದರು. ಇದ್ದಕ್ಕಿದ್ದಂತೆ ಎಡಗಾಲಿನ ಉರಿ ನಿಂತಿತು. ತಿಂಗಳುಗಟ್ಟಲೆ ಉರಿದದ್ದು ಒಲೆಗೆ ನೀರು ಹೊಯ್ದಂತೆ ಆರಿತು. "ಕಾಲು ಬೆರಳು ಆಡಿಸಿ" ಎಂದರು. ಆಡಿಸಿದೆ. ಆ ದುಂಡಗಿನ ಮೆತ್ತೆಯೊಳಗೆ ಮುಖ ಇಟ್ಟುಕೊಂಡೇ ಅತ್ತುಬಿಟ್ಟೆ.

ವಾರ್ಡಿಗೆ ಬಂದಾಗ ನಮ್ಮವರು ಬಾಗಿಲಲ್ಲಿ ನಿಂತಿದ್ದರು, ಅಂಗಿಯ ಮೇಲೆ ಹಾಲಿನ ಕಲೆ ಹಾಗೇ ಇತ್ತು. ಅವರು ಟೀ ತರಲು ಹೋದಾಗ ನಮ್ಮ ಅತ್ತೆ ದಾರ ಬಿಚ್ಚಿ ತಾಳಿ ಕಟ್ಟಿದರು. ದಾರ ಇದ್ದ ಜಾಗದಲ್ಲಿ ಕೆಂಪಗೆ ಒಂದು ಗೆರೆ, ಕೊಂಬು ಇದ್ದಲ್ಲಿ ಒಂದು ಕುಳಿ. "ನೋಡ್ದಾ, ಇಬ್ರೂ ನೆಟ್ಗೆ ಬಂದ್ರಿ" ಎಂದು ಅತ್ತೆ ನನ್ನ ಕೆನ್ನೆ ಸವರಿದರು. ಬೆರಳು ಜೋಮು ಹಿಡಿದಿದೆ ಎಂದು ಹೇಳಲು ಮನಸ್ಸು ಬರಲಿಲ್ಲ. ಮಾರನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರು "ಬೇರೆ ಏನಾದ್ರೂ ತೊಂದರೆ?" ಎಂದರು. "ಏನಿಲ್ಲ ಸಾರ್" ಎಂದೆ. ಜೋಮು ತಾನೇ, ಬಿಡುತ್ತದೆ ಎಂದುಕೊಂಡಿದ್ದೆ.

ಬಿಡಲಿಲ್ಲ. ನಾಲ್ಕನೆಯ ದಿನ ಸುಮ್ಮನೆ ಕತ್ತರಿ ಹಿಡಿದು ನೋಡಿದೆ. ಕತ್ತರಿಯ ಕೆಳಗಿನ ಕಣ್ಣಿಗೆ ಬೆರಳು ತೂರಿಸಿದರೆ ಬೆರಳು ಅಲ್ಲಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಬಟ್ಟೆ ಕತ್ತರಿಸಿದೆ, ಸೊಟ್ಟಗೆ ಹೋಯಿತು. ಇಪ್ಪತ್ತು ವರ್ಷದಿಂದ ಸೀಮೆಸುಣ್ಣದ ಗುರುತಿಲ್ಲದೆ ನೇರ ಕತ್ತರಿಸುವ ಕೈ ಅದು. ಅನ್ನ ಕಲಸುವಾಗ ಎರಡು ಬೆರಳು ಸುಮ್ಮನೆ ಎದ್ದು ನಿಲ್ಲುತ್ತಿದ್ದವು. ಕಾಲು ಬಂತು, ಕೈ ಹೋಯಿತು ಎಂದು ಒಬ್ಬಳೇ ಹಿತ್ತಿಲಲ್ಲಿ ಕೂತುಬಿಟ್ಟೆ. ನನಗೆ ಬರುವುದು ಅದೊಂದೇ ಕೆಲಸ. ಊರಿನವರು ನನ್ನನ್ನು ಗುರುತಿಸುವುದೂ ಅದರಿಂದಲೇ, ಬ್ಲೌಸ್ ಸವಿತಾ ಎಂದು.

ಹತ್ತನೆಯ ದಿನ ಹೊಲಿಗೆ ಬಿಚ್ಚಿಸಲು ಹೋದಾಗ ಹೇಳಿದೆ. ಡಾಕ್ಟರು ಬೆರಳುಗಳನ್ನು ಅಗಲಿಸಿ, ಒತ್ತಿ, ಹತ್ತಿ ಸವರಿ ನೋಡಿದರು. "ಆಪರೇಷನ್ ಹೊತ್ತಲ್ಲಿ ಕೈ ಮೇಲೆ ಏನಾದ್ರೂ ಒತ್ತಿತ್ತಾ? ಏನಾದ್ರೂ ಕಟ್ಟಿದ್ರಾ?"

ನಮ್ಮವರು ಪಕ್ಕದಲ್ಲೇ ಕುಳಿತಿದ್ದರು. ಅವರಿಗೆ ದಾರದ ವಿಷಯ ಗೊತ್ತಿಲ್ಲ. ಹೇಳಿದರೆ ತಾಯಿಯ ಮೇಲೆ ಹರಿಹಾಯುತ್ತಾರೆ. ನನ್ನನ್ನು ಪರೀಕ್ಷೆ ಮಾಡಿದ ನರ್ಸಿಗೆ ಬೈಗುಳ ಬೀಳುತ್ತದೆ. ಓದಿದವಳು ಹೀಗೆ ಮಾಡಿದಳಲ್ಲ ಎಂದು ಡಾಕ್ಟರು ನಗುತ್ತಾರೆ. "ಇಲ್ಲ ಸಾರ್, ಏನೂ ಇರ್ಲಿಲ್ಲ" ಎಂದೆ.

ಡಾಕ್ಟರು ಹುಬ್ಬು ಗಂಟಿಕ್ಕಿದರು. "ಹಾಗಾದ್ರೆ ಕತ್ತಿನ ಮೂಳೆಯಲ್ಲೂ ತೊಂದರೆ ಇದೆಯಾ ನೋಡಬೇಕು. ಕತ್ತಿನ ಸ್ಕ್ಯಾನ್ ಮಾಡಿಸಿ" ಎಂದು ಚೀಟಿ ಬರೆದರು.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ನಮ್ಮವರು ಚೀಟಿ ಹಿಡಿದು ಕೌಂಟರಿಗೆ ಹೋದರು. ಎದುರಿಗೆ ಕತ್ತಿಗೆ ಪಟ್ಟಿ ಹಾಕಿಕೊಂಡ ಒಬ್ಬರು ಕಣ್ಣು ಮಾತ್ರ ತಿರುಗಿಸಿ ನನ್ನನ್ನು ನೋಡುತ್ತಿದ್ದರು. ಇನ್ನೊಂದು ಸಲ ಬೋರಲು. ಇನ್ನೊಂದು ಸಲ ಆ ಹಸಿರು ಚೌಕ, ಈ ಸಲ ಕತ್ತಿಗೆ ಕೊಳವೆ. ಚೆನ್ನಾಗಿರುವ ಕತ್ತನ್ನು ನನ್ನ ಸುಳ್ಳಿನಿಂದಲೇ ಕುಯ್ಯಿಸಿಕೊಳ್ಳುತ್ತೇನೆ ಎಂದು ಗೊತ್ತಿದ್ದೂ ಎದ್ದು ಒಳಗೆ ಹೋಗಲು ಕಾಲು ಬರಲಿಲ್ಲ. ಭಯ ಅಂದರೆ ಅದು.

"ಏನಂದ್ರು ಡಾಕ್ಟ್ರು?" ಹೊರಗೇ ಕುಳಿತಿದ್ದ ಅತ್ತೆ ಕೇಳಿದರು.

"ಕತ್ತಿನದೂ ಆಪರೇಷನ್ ಆಗ್ಬೌದು ಅತ್ತೆ. ಈ ಎರಡು ಬೆರಳಿಗೆ ಸ್ಪರ್ಶ ಇಲ್ಲ."

"ಯಾವ ಕೈಯಿ?"

ಬಲಗೈ ತೋರಿಸಿದೆ. ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಮೇಲಕ್ಕೆ ಸವರುತ್ತಾ ಹೋದರು, ಮೊಣಕೈ ದಾಟಿ ದಾರ ಕಟ್ಟಿದ್ದ ಜಾಗಕ್ಕೆ ಬಂದು ನಿಂತರು. ನನ್ನ ಮುಖ ನೋಡಿದರು. ನಾನು ಕಣ್ಣು ತಪ್ಪಿಸಿದೆ.

"ಇದ್ನ ಏಳಿದ್ಯಾ ಅವ್ರಿಗೆ?"

ಇಲ್ಲ ಎಂದು ತಲೆಯಾಡಿಸಿದೆ. ಅತ್ತೆ ಎದ್ದರು. ಟೋಕನ್ ಕೇಳಿದ ಹುಡುಗಿಯನ್ನು ಪಕ್ಕಕ್ಕೆ ಸರಿಸಿ ನೇರ ಡಾಕ್ಟರ ಕೋಣೆಗೆ ನುಗ್ಗಿದರು. ನಾನು ಹಿಂದೆಯೇ ಕುಂಟುತ್ತಾ ಹೋದೆ. ಅಷ್ಟರಲ್ಲಿ ನಮ್ಮವರೂ ಓಡಿ ಬಂದರು.

"ಸ್ವಾಮಿ, ತೆಪ್ಪು ನಂದು" ಎಂದರು ಅತ್ತೆ, ಎರಡು ಕೈ ಜೋಡಿಸಿ. "ಅರಿಸ್ನದ ಕೊಂಬು ಕಟ್ಟಿದ್ದು ನಾನು. ಇಲ್ಲೇ, ಈ ರಟ್ಟೆಗೆ. ಮೂರು ಗಂಟು ಬಿಗಿಯಾಗಿ ಆಕಿದ್ದೆ. ನನ್ ಮಗ ದಾರೀಲಿದ್ದ, ಇವ್ಳು ಕತ್ತು ಬರಿದು ಮಾಡ್ಕೊಂಡು ಒಳೀಕೆ ಓಯ್ತಿದ್ಲು. ನಂಗೆ ತಡ್ಯಕ್ಕೆ ಆಗ್ನಿಲ್ಲ. ಅವ್ಳ ಕತ್ತು ಕುಯ್ಬ್ಯಾಡಿ ಸ್ವಾಮಿ."

"ಅವ್ವ!" ಎಂದು ನಮ್ಮವರು ಏರುದನಿಯಲ್ಲಿ ಶುರು ಮಾಡಿದರು. ಡಾಕ್ಟರು ಕೈಯೆತ್ತಿ ತಡೆದರು. ನಗಲಿಲ್ಲ, ಬೈಯಲೂ ಇಲ್ಲ. ನನ್ನನ್ನು ಕೂರಿಸಿ, ಮೊಣಕೈಯ ಒಳಬದಿಯಲ್ಲಿ ಒಂದು ಜಾಗವನ್ನು ಬೆರಳಿನಿಂದ ಮೀಟಿದರು. ಕಿರುಬೆರಳಿಗೆ ಝುಮ್ಮೆಂದಿತು.

"ನೋಡಿ, ಈ ಬೆರಳುಗಳ ನರ ಹೋಗೋದು ಇಲ್ಲೇ. ಚರ್ಮದ ಕೆಳಗೇ ಇದೆ. ದಾರ ಒತ್ತಿರಬಹುದು. ಕೈ ಮಡಚಿ ಅಷ್ಟು ಹೊತ್ತು ಇಟ್ಟಿದ್ದಕ್ಕೂ ಆಗಿರಬಹುದು, ದಾರ ಇಲ್ದೇನೂ ಕೆಲವರಿಗೆ ಆಗುತ್ತೆ. ತಪ್ಪೆಲ್ಲ ನಿಮ್ಮೇಲೇ ಹಾಕ್ಕೋಬೇಡಿ ಅಜ್ಜಿ. ಲೋಹ ಇದೆಯಾ ಅಂತ ಕೇಳ್ತೀವಿ, ಏನಾದ್ರೂ ಕಟ್ಟಿದೀರಾ ಅಂತ ನಾವೂ ಕೇಳಬೇಕಿತ್ತು." ಆಮೇಲೆ ನನ್ನ ಕಡೆ ತಿರುಗಿದರು. "ಆದ್ರೆ ನೀವು ನನಗೆ ಹೇಳಬೇಕಿತ್ತು ಸವಿತಾ. ಆಪರೇಷನ್ ಟೇಬಲ್ ಮೇಲೂ, ಇಲ್ಲೂ."

ತಲೆ ತಗ್ಗಿಸಿದೆ. ಸ್ಕ್ಯಾನಿನ ಚೀಟಿಯನ್ನು ಸದ್ಯಕ್ಕೆ ತಡೆಹಿಡಿದರು. ಒತ್ತಿದ ನರ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಆದರೆ ವಾರಗಳೋ ತಿಂಗಳುಗಳೋ ಹಿಡಿಯಬಹುದು, ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ ಎಂದರು. ಬೇರೆಯವರಿಗೆ ಹೇಗೋ, ನನಗೆ ಆ ಕೊನೆಯ ಮಾತೊಂದೇ ಕಿವಿಯಲ್ಲಿ ಉಳಿಯಿತು.

ಮನೆಗೆ ಬಂದ ಮೇಲೆ ನಮ್ಮವರು ಒಂದು ವಾರ ತಾಯಿಯ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅತ್ತೆಗೆ ಅನ್ನ ಸೇರದಾಯಿತು. ಪ್ರತಿ ಬೆಳಿಗ್ಗೆ ಕಾಫಿ ಕೊಟ್ಟ ಮೇಲೆ ನನ್ನ ಬಲಗೈ ಹಿಡಿದು ಕಿರುಬೆರಳಿನ ತುದಿಯನ್ನು ಚಿವುಟುತ್ತಿದ್ದರು. "ಗೊತ್ತಾಯ್ತಾ ಮಗ?"

ಮೊದಲ ನಾಲ್ಕೈದು ದಿನ ಇಲ್ಲ ಎಂದೆ. ಇಲ್ಲ ಎಂದ ದಿನ ಅವರು ತಟ್ಟೆಯ ಮುಂದೆ ಕೂತು ಹಾಗೇ ಏಳುತ್ತಿದ್ದರು. ಆರನೆಯ ದಿನ, "ಸ್ವಲ್ಪ ಗೊತ್ತಾಯ್ತು ಅತ್ತೆ" ಎಂದೆ. ಅವತ್ತು ಅವರು ಒಂದು ಮುದ್ದೆ ಪೂರ್ತಿ ಉಂಡರು. ಆಮೇಲೆ ದಿನವೂ ಅದನ್ನೇ ಹೇಳಿದೆ, ಸ್ವಲ್ಪ ಸ್ವಲ್ಪ ಹೆಚ್ಚಿಸಿ. ನಿಜ ಹೇಳಬೇಕಿತ್ತೆಂದು ಡಾಕ್ಟರು ಅಂದದ್ದು ಡಾಕ್ಟರಿಗೆ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಳಗೆ ಮಾತ್ರ ದಿನದಿನಕ್ಕೆ ಭಯ ಬೆಳೆಯುತ್ತಿತ್ತು. ಅಂಗಡಿ ಬಾಗಿಲು ಹಾಕಿಯೇ ಇತ್ತು. ಕೇಳಿದವರಿಗೆ ಬೆನ್ನು ಇನ್ನೂ ಸರಿಯಾಗಿಲ್ಲ ಎನ್ನುತ್ತಿದ್ದೆ. ಬೆನ್ನು ಸರಿಯಾಗಿತ್ತು.

ಎರಡು ತಿಂಗಳು ಹೀಗೇ ಹೋಯಿತು. ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಎಂದಿನಂತೆ ಕೈ ಚಾಚಿದೆ, ಕಣ್ಣು ಬೀದಿಯ ಕಡೆ ಇತ್ತು. ಅತ್ತೆ ಚಿವುಟಿದರು.

"ಅಯ್ಯಯ್ಯೋ! ಉಗುರಲ್ಲಿ ಯಾಕತ್ತೆ ಅಂಗೆ ಗಿಂಡ್ತೀರಿ!" ಎಂದು ಚೀರಿ ಕೈ ಕಿತ್ತುಕೊಂಡೆ.

ಅತ್ತೆ ಬೆಪ್ಪಾಗಿ ನನ್ನನ್ನೇ ನೋಡಿದರು. ನಾನು ನನ್ನ ಬೆರಳನ್ನು ನೋಡಿದೆ. ಉರಿಯುತ್ತಿತ್ತು. ಎಂಥ ಉರಿ! ಇನ್ನೊಂದು ಸಲ ನಾನೇ ಚಿವುಟಿಕೊಂಡೆ, ಕಣ್ಣಲ್ಲಿ ನೀರು ಬಂತು. ನಮ್ಮವರು ಒಳಗಿನಿಂದ ಏನಾಯಿತೋ ಎಂದು ಓಡಿ ಬಂದರು.

ಅತ್ತೆ ಅವರ ಕಡೆ ತಿರುಗಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತಾ ಕೇಳಿದರು.

"ಅಂಗಾದ್ರೆ ಇಷ್ಟು ದಿನ ನೀನು ಏಳ್ತಿದ್ದುದ್ದೆಲ್ಲ ಸುಳ್ಳಾ?"

"ಊಂ ಅತ್ತೆ" ಎಂದೆ.